ಒಂದು ಇಲ್ಲದ ಕೀಲಿಮಣೆ

ನನ್ನ ಬೆರಳುಗಳಿಗೆ ಸುಮ್ಮನಿರಲು ಬರುವುದಿಲ್ಲ. ಬಸ್ಸಿನಲ್ಲಿ ಕುಳಿತಾಗ, ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕಾಯುವಾಗ, ಸಾವಾದ ಮನೆಗೆ ಮಾತನಾಡಿಸಿ ಬರಲು ಹೋದಾಗ ಕೂಡ, ಕಿವಿಗೆ ಬಿದ್ದದ್ದನ್ನೆಲ್ಲ ಅವು ತೊಡೆಯ ಮೇಲೋ ಕೈಚೀಲದ ಮೇಲೋ ಟೈಪ್ ಮಾಡುತ್ತಲೇ ಇರುತ್ತವೆ. ಅಂಗಡಿಯ ಬೋರ್ಡು ಕಂಡರೆ ಬೋರ್ಡು, ಕಂಡಕ್ಟರ್ ಕೂಗಿದರೆ ಊರಿನ ಹೆಸರು. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ಇದನ್ನು ನೋಡಿ, ನನಗೆ ಏನೋ ನರದ ಕಾಯಿಲೆ ಇರಬೇಕೆಂದು ಹೆದರಿ ತಮ್ಮ ಅವ್ವನ ಕಿವಿಯಲ್ಲಿ ಹೇಳಿದ್ದರಂತೆ. ಈಗ ಅವರಿಗೂ ರೂಢಿಯಾಗಿದೆ. "ಒಂದ ಕಡಿ ಕುಂದ್ರೂ ಗುಣಾನ ಇಲ್ಲ ನಿನಗ" ಎಂದು ಬೈದು ಸುಮ್ಮನಾಗುತ್ತಾರೆ.

ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಟೈಪಿಂಗ್ ಮತ್ತು ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಅಲ್ಲಿ ನಾನು ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸನ್ನು ಕರೆಯುವುದೇ ಹಾಗೆ. ಮೇಡಂ, ಮಿಸ್ ಎಲ್ಲ ಆಮೇಲೆ ಬಂದವು. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನನ್ನ ಹೆಸರು ಹಿಡಿದು ಕರೆದವರು ಕಡಿಮೆ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿರುವಾಗ ಯಾರೋ ಹಿಂದಿನಿಂದ "ಅಕ್ಕೋರ, ಯಾವಾಗ ಬಂದ್ರಿ?" ಎನ್ನುತ್ತಾರೆ. ತಿರುಗಿ ನೋಡಿದರೆ ಎಂದೋ ನನ್ನ ಬಳಿ ಕಲಿತು ಜೂನಿಯರ್ ಪರೀಕ್ಷೆ (ಟೈಪಿಂಗಿನದು) ಪಾಸು ಮಾಡಿ, ಈಗ ಯಾವುದೋ ಕಚೇರಿಯಲ್ಲಿ ಕೆಲಸಕ್ಕಿರುವ ಹುಡುಗಿ. ಹುಡುಗಿ ಎಂದೆ, ಅವಳ ಮಗನೇ ಕಾಲೇಜಿಗೆ ಹೋಗುತ್ತಾನೆ. ಆ ಒಂದು ಕೂಗಿಗೆ ನನ್ನ ಬೆನ್ನು ನೆಟ್ಟಗಾಗುತ್ತದೆ. ಇದನ್ನು ಜಂಬ ಎನ್ನುವವರು ಎನ್ನಲಿ.

ಕೇಂದ್ರದ ಮಾಲೀಕರು ನನಗಿಂತ ಚಿಕ್ಕವರು, ಕೆಟ್ಟವರೇನಲ್ಲ. ತೊಗರಿ ರಾಶಿ ಮುಗಿದು ಸಂತೆಯಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳಲ್ಲಿ ಒಂದು ಸಂಜೆ ನನ್ನನ್ನು ಕರೆದು ಕೂರಿಸಿಕೊಂಡರು.

"ಅಕ್ಕೋರ, ಖರೇ ಹೇಳ್ರಿ, ಈಗ ಬರೇ ಟೈಪಿಂಗ್ ಕಲ್ಯಾಕ ಯಾರ ಬರ್ತಾರ್ರೀ? ಬಾಗಲಕ್ಕ ಬಂದ ಹುಡುಗ್ರೆಲ್ಲಾ ಕೋಡಿಂಗ್ ಐತೇನ್ರಿ ಅಂತ ಕೇಳಿ ಹೊಳ್ಳಿ ಹೋಗಾಕತ್ತಾರ."

"ಹೌದ್ರಿ ಸರ್."

"ನಮ್ಮ ಬಸವನ ಬಾಗೇವಾಡಿ ಬ್ರ್ಯಾಂಚಿನ್ಯಾಗ ರವಿವಾರಕ್ಕೊಮ್ಮೆ ಕಲಸಾಕತ್ತಾರ. ನೀವೂ ಹೋಗಿ ಕಲೀರಿ. ಜೂನಿನ್ಯಾಗ ಇಲ್ಲಿ ಒಂದ ಡೆಮೊ ಕ್ಲಾಸ್ ಮಾಡಿ ತೋರಸ್ರಿ. ಆತಂದ್ರ ಆ ಕ್ಲಾಸ್ ನಿಮ್ಮದ. ಆಗಲಿಲ್ಲಂದ್ರ..." ಎಂದು ಮುಂಬಾಗಿಲ ಬಳಿಯ ಕೌಂಟರಿನ ಕಡೆ ನೋಡಿದರು. "ಬ್ಯಾರೆಯವರನ್ನ ಹಚ್ಚತೇನಿ. ನೀವು ಅಡ್ಮಿಶನ್ ನೋಡ್ಕೊಂಡು ಆರಾಮ ಇಲ್ಲೇ ಕುಂದರ್ರಿ."

ಆರಾಮ! ಆ ಮಾತು ಕೇಳಿದಾಗಿನಿಂದ ನನಗೆ ನೆಮ್ಮದಿ ಹೋಯಿತು. ಅವರು ನನ್ನನ್ನು ಕೆಲಸದಿಂದ ತೆಗೆಯುವುದಿಲ್ಲ, ಕುರ್ಚಿಯನ್ನೂ ಕೊಡುತ್ತಾರೆ. ತೆಗೆಯುವುದು ಅಕ್ಕೋರು ಎಂಬ ಮಾತನ್ನು ಮಾತ್ರ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ ಬಾಗೇವಾಡಿಗೆ ಓಡಾಟ ಶುರುವಾಯಿತು. ಕಲಿಸುವವಳು ನನ್ನ ಮಗಳ ವಯಸ್ಸಿನವಳು, ಇಂಜಿನಿಯರಿಂಗ್ ಮುಗಿಸಿದವಳು, ತಾಳ್ಮೆಯ ಹುಡುಗಿ. ಆದರೂ ಅವಳು ಮೇಡಂ. ಕಲಿಸುವವರನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ನನಗಿಲ್ಲ. ಮೊದಲ ದಿನವೇ ಅವಳು ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ಕೇಳಿದಳು: ನಿಮ್ಮಲ್ಲಿರುವ ಶಕ್ತಿ ಏನು, ಹೇಳಿ. ಕೋಡಿಂಗ್ ಕಲಿಯುವವರಿಗೆ ಮೊದಲು ತಮ್ಮ ಬಲ ಏನೆಂದು ಗೊತ್ತಿರಬೇಕಂತೆ. ಕಾಲೇಜಿನ ಹುಡುಗರು ಎದ್ದು ನಿಂತು ಕಮ್ಯುನಿಕೇಶನ್, ಟೀಮ್ ವರ್ಕ್, ಲೀಡರ್‌ಶಿಪ್ ಎಂದು ಬಾಯಿಪಾಠ ಒಪ್ಪಿಸಿದರು. ಲೀಡರ್‌ಶಿಪ್ ಎಂದ ಹುಡುಗ ಪಕ್ಕದವನ ಪೆನ್ನು ಕೇಳಲೂ ನಾಚುತ್ತಿದ್ದ. ನನ್ನ ಸರದಿ ಬಂತು.

"ಸ್ಪೀಡ್ ಐತ್ರಿ ಮೇಡಂ. ಟೈಪಿಂಗ್ ಸ್ಪೀಡ್."

ಅವಳು ನಕ್ಕಳು. ಹಂಗಿಸುವ ನಗೆಯಲ್ಲ, ಆದರೂ ನಗೆಯೇ. "ಮೇಡಂ, ಇದರಾಗ ಸ್ಪೀಡ್ ಬ್ಯಾಡ್ರಿ. ಕುಂತು ವಿಚಾರ ಮಾಡಬೇಕ್ರಿ. ಭಾಳ ಹೊತ್ತು ಕುಂದ್ರಬೇಕಾಗ್ತೈತಿ."

ಕುಳಿತು ವಿಚಾರ ಮಾಡುವುದು! ಇರುವ ಒಂದು ಬಲ ಬೇಡವೆಂದಳು, ಜನ್ಮದಲ್ಲಿ ಬಾರದ್ದನ್ನು ಬೇಕೆಂದಳು. ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಕಿಟಕಿಗೆ ತಲೆ ಆನಿಸಿ ನಾನು ನನ್ನ ಬಲಗಳನ್ನು ಹುಡುಕತೊಡಗಿದೆ. ಅಡುಗೆ ಮಾಡುತ್ತೇನೆ, ಅದರಲ್ಲಿ ಹೆಸರಿಲ್ಲ. ಸಿಟ್ಟು ಇದೆ, ಅದನ್ನು ಬಲ ಎನ್ನುತ್ತಾರೋ ಇಲ್ಲವೋ. ಹಟ ಇದೆ, ನಮ್ಮವ್ವ ಅದಕ್ಕೆ ಮೊಂಡುತನ ಎನ್ನುತ್ತಿದ್ದಳು. ಬೆರಳುಗಳು ಅಷ್ಟನ್ನೂ ಕೈಚೀಲದ ಮೇಲೆ ಟೈಪ್ ಮಾಡಿ ಮುಗಿಸಿದವು.

ಆ ಬೆರಳುಗಳನ್ನು ಹೀಗೆ ಮಾಡಿದವರು ಇಂಡಿ ಪಟ್ಟಣದ ಟೈಪಿಂಗ್ ಮಾಸ್ತರರು. ನನ್ನ ತವರು ಅಗರಖೇಡ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ ಅಪ್ಪ, "ಸುಮ್ಮ ಕುಂದ್ರಾಕ ಬರಂಗಿಲ್ಲಲ್ಲ, ಕೈಗೊಂದ ಕೆಲಸಾರ ಹಚ್ಚು" ಎಂದು ನನ್ನನ್ನೂ ತಂಗಿಯನ್ನೂ ಬಸ್ಸು ಹತ್ತಿಸಿ ಇಂಡಿಗೆ ಕಳಿಸುತ್ತಿದ್ದರು. ಮಾಸ್ತರರದ್ದು ಒಂದೇ ಶಾಸ್ತ್ರ: ಬೆರಳು ನೋಡಬಾರದು. ಕೀಲಿಗಳ ಮೇಲೆ ಒಂದು ರಟ್ಟಿನ ಮರೆ ಕಟ್ಟಿ, ಅದರ ಕೆಳಗೆ ಕೈ ತೂರಿಸಿ ಹೊಡೆಯಲು ಹೇಳುತ್ತಿದ್ದರು. "ಕಣ್ಣ ಕಾಗದದ ಮ್ಯಾಲಿರಲಿ. ಬೆರಳ ನೋಡಿದ್ಯೋ, ನಾಳಿಂದ ಬರಬ್ಯಾಡ." ಕಣ್ಣು ತಪ್ಪಿ ಕೆಳಗೆ ಹೋದರೆ ಗದ್ದಕ್ಕೆ ಫೂಟ್‌ಪಟ್ಟಿ ಕೊಟ್ಟು ಮುಖ ಎತ್ತುತ್ತಿದ್ದರು. ಆಮೇಲೆ ನಾನು ನನ್ನ ಬೆರಳುಗಳನ್ನು ನೋಡಿದ್ದು ಉಗುರು ತೆಗೆಯುವಾಗ ಮಾತ್ರ.

ತಂಗಿಯ ಮದುವೆ ನನಗಿಂತ ಮೊದಲಾಯಿತು, ಅವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟರು. ನನ್ನ ಮದುವೆ ಆಗುವವರೆಗೆ ನಾನೂ ಅಲ್ಲೇ ಇದ್ದೆ. ಕೋರ್ಟಿನ ಎದುರು ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಇಬ್ಬರೂ ವಕೀಲರ ಇಂಗ್ಲಿಷ್ ಕಾಗದಪತ್ರ ಟೈಪ್ ಮಾಡುತ್ತಿದ್ದೆವು. ಟೈಪ್ ಮುಗಿದ ಮೇಲೆ ತಾಳೆ ನೋಡುವುದೊಂದಿತ್ತು. ನಾನು ಟೈಪಾದದ್ದನ್ನು ಗಟ್ಟಿಯಾಗಿ ಓದುವುದು, ಅವಳು ಮೂಲಪ್ರತಿಯ ಮೇಲೆ ಪೆನ್ಸಿಲ್ ಸರಿಸುತ್ತ ಹೋಗುವುದು. ಅಕ್ಷರವಷ್ಟೇ ಅಲ್ಲ, ಅಲ್ಪವಿರಾಮ, ಪೂರ್ಣವಿರಾಮ, ಕಂಸ ತೆರೆಯಿತು, ಕಂಸ ಮುಚ್ಚಿತು, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ದಾರಿಹೋಕರು ನಿಂತು ನಗುತ್ತಿದ್ದರು. ಆದರೆ ನಮ್ಮ ಕಾಗದದಲ್ಲಿ ತಪ್ಪು ಎಂಬುದು ಇರುತ್ತಿರಲಿಲ್ಲ. ನಾನು ಬಸ್ಸಿನಲ್ಲಿ ಇದನ್ನೆಲ್ಲ ನೆನೆದು, ಸರಿ, ನನ್ನ ಎರಡನೆಯ ಬಲ ತಾಳೆ ಎಂದು ಸಮಾಧಾನ ಮಾಡಿಕೊಂಡೆ.

ಕೋಡಿಂಗ್ ಕಲಿಯತೊಡಗಿದಾಗ ಆ ಬಲ ಕೈಕೊಟ್ಟಿತು. ಮೊದಮೊದಲು ಹೆಸರು ಕೇಳು, ಹೆಸರು ತೋರಿಸು ಎಂಬಂಥ ಸಣ್ಣ ಪಾಠಗಳು. ಕಂಸ, ವಿರಾಮಗಳ ತಪ್ಪಿಗೆ ಹುಡುಗರೆಲ್ಲ ಒದ್ದಾಡುತ್ತಿದ್ದರೆ ನನ್ನದು ಒಂದೇ ಏಟಿಗೆ ಓಡುತ್ತಿತ್ತು. ಮನಸ್ಸಿನಲ್ಲೇ ಬೀಗಿದೆ. ಆಮೇಲೆ ಮಗ್ಗಿಯ ಪಾಠ ಬಂತು. ಯಾವುದೇ ಅಂಕಿ ಕೊಟ್ಟರೂ ಒಂದರಿಂದ ಹತ್ತರವರೆಗೆ ಅದರ ಮಗ್ಗಿ ತೆರೆಯ ಮೇಲೆ ಮೂಡಬೇಕು. ಜೂನಿನ ಡೆಮೊಗೆ ಇದನ್ನೇ ತೋರಿಸಿ, ನೋಡಿದವರಿಗೆ ತಟ್ಟನೆ ತಿಳಿಯುತ್ತದೆ ಎಂದು ಮೇಡಂ ಹೇಳಿದಳು. ನಾನು ಜೊತೆಗೆ ಒಯ್ದಿದ್ದ ನನ್ನ ಲ್ಯಾಪ್‌ಟಾಪಿನಲ್ಲಿ ಸರಸರ ಬರೆದು ಓಡಿಸಿದೆ. ಮಗ್ಗಿ ಬರಲಿಲ್ಲ. ಕೆಂಪಕ್ಷರದಲ್ಲಿ ಒಂದು ಇಂಗ್ಲಿಷ್ ಸಾಲು ಬಂತು. ಅದರ ಅರ್ಥ ಇಷ್ಟು: ಒಂದು ಎಂಬ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ.

ಒಂದು ಗೊತ್ತಿಲ್ಲವೇ? ಅಂಗನವಾಡಿಯ ಕೂಸಿಗೂ ಗೊತ್ತಿರುವ ಒಂದು, ಇಷ್ಟು ದೊಡ್ಡ ಯಂತ್ರಕ್ಕೆ ಗೊತ್ತಿಲ್ಲವೇ?

ಮೇಡಂ ಬಂದು ಬಗ್ಗಿ ನೋಡಿದಳು. ಸಾಲು ಸಾಲಾಗಿ ಬೆರಳಿಟ್ಟು ನೋಡಿದಳು. "ಎಲ್ಲಾ ಬರೋಬರಿ ಐತಲ್ರಿ ಮೇಡಂ!" ಎಂದು, ನನ್ನದನ್ನು ಅಳಿಸಿ ತಾನೇ ಬರೆದಳು. ಮಗ್ಗಿ ಹರಿದು ಬಂತು. ಅಳಿಸಿ ನಾನು ಬರೆದೆ. ಒಂದು ಗೊತ್ತಿಲ್ಲ. ಅದೇ ಯಂತ್ರ, ಅದೇ ಅಕ್ಷರ, ಅದೇ ಸಾಲು. ಅವಳು ಬರೆದರೆ ಓಡುತ್ತದೆ, ನಾನು ಬರೆದರೆ ನಿಲ್ಲುತ್ತದೆ. ಲೀಡರ್‌ಶಿಪ್ ಹುಡುಗ ಪಕ್ಕದವನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಆಂಟೀದು ಕೈಗುಣ ಬಿಡಲೇ."

ಕೈಗುಣ ಎನ್ನುವುದು ಸುಲಭಕ್ಕೆ ಸಿಗುವ ಹೊಗಳಿಕೆಯಲ್ಲ. ಗುಳಿಗೆ ಯಾವುದಾದರೂ ಕೆಲವು ವೈದ್ಯರ ಕೈಯಲ್ಲಿ ಜ್ವರ ಬೇಗ ಇಳಿಯುತ್ತದೆ. ಕೆಲವರು ನೆಟ್ಟರೆ ಯಾವ ಸಸಿಯೂ ಹಿಡಿಯುತ್ತದೆ. ಅವರಿಗೆ ಕೈಗುಣ ಇದೆ ಎನ್ನುತ್ತೇವೆ. ಅದೇ ಮಾತನ್ನು ತಲೆಕೆಳಗು ಮಾಡಿ ಆ ಹುಡುಗ ನನ್ನ ಮೇಲೆ ಎಸೆದಿದ್ದ. ಮುಖಕ್ಕೆ ಹೊಡೆದಂತಾಯಿತು.

ಮರುದಿನ ಬೆಳಿಗ್ಗೆಯೇ ತಂಗಿಗೆ ಫೋನು ಮಾಡಿದೆ. ಅವಳು ಈಗ ಮುದ್ದೇಬಿಹಾಳದಲ್ಲಿ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತಾಳೆ. ಮೇಡಂ ಬರೆದದ್ದರ ಫೋಟೋ ಕಳಿಸಿದೆ, ನನ್ನದನ್ನು ನಾನು ಓದುತ್ತೇನೆ, ತಾಳೆ ನೋಡು ಎಂದೆ. ಆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು.

"ಅಕ್ಕಾ, ನಿನಗ ಹುಚ್ಚ ಹಿಡದೈತೇನು? ಇಲ್ಲಿ ಹಂಚಿನ ಮ್ಯಾಲ ರೊಟ್ಟಿ ಹತ್ತಾಕತ್ತಾವು."

"ಹತ್ತಲಿ. ಪೆನ್ಸಿಲ್ ತಗೋ."

"ಪೆನ್ಸಿಲ್ ಎಲ್ಲೈತವಾ? ಹಿಟ್ಟಿನ ಬೆರಳ ಸರಸ್ತೇನಿ, ಓದು."

ಓದಿದೆ. ಕಂಸ ತೆರೆಯಿತು, ಒಂದು, ಅಲ್ಪವಿರಾಮ. ಅವಳು ಹ್ಞೂಂ, ಹ್ಞೂಂ ಎನ್ನುತ್ತ ಬಂದಳು. ಎಷ್ಟೋ ವರ್ಷಗಳ ಮೇಲೆ ನಮ್ಮಿಬ್ಬರ ಆ ಹಳೆಯ ರಾಗ ಮತ್ತೆ ಕೂಡಿಕೊಂಡಿತ್ತು. ಬೇರೆ ಹೊತ್ತಾಗಿದ್ದರೆ ನಾನು ಖುಷಿಯಿಂದ ಅತ್ತುಬಿಡುತ್ತಿದ್ದೆ. ಕೊನೆಯ ಕಂಸ ಮುಚ್ಚಿದ ಮೇಲೆ ಅವಳು ಹೇಳಿದಳು: "ಅಕ್ಕಾ, ಎಲ್ಲಾ ತಾಳೆ ಆಗೇತಿ. ಒಂದ ಕಾಮಾನೂ ಬಿಟ್ಟಿಲ್ಲ ನೀ. ಮೆಷಿನ್ನ ಕೆಟ್ಟಿರಬೇಕು ತಗೋ."

ಮೆಷಿನ್ನು ಕೆಟ್ಟಿರಲಿಲ್ಲ. ಕೇಂದ್ರದ ಕಂಪ್ಯೂಟರಿನಲ್ಲಿ ನಾನು ಬರೆದರೆ ಮಗ್ಗಿ ಓಡುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಒಮ್ಮೊಮ್ಮೆ ಓಡುತ್ತಿತ್ತು, ಬಹಳ ಸಲ ಇಲ್ಲ. ನಿಧಾನಕ್ಕೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದರೆ ಸರಿ, ನನ್ನ ವೇಗಕ್ಕೆ ಬಂದರೆ ತಪ್ಪು. ಹಾಗಾದರೆ ನನ್ನ ವೇಗಕ್ಕೇ ಏನೋ ಆಗಿದೆ. ಅಡುಗೆಮನೆಯಲ್ಲಿ ಬೇಳೆ ತಳ ಹಿಡಿಯಿತು, ಹಾಲು ಉಕ್ಕಿತು. ಕಾಲು ಸುಟ್ಟ ಬೆಕ್ಕಿನ ಹಾಗೆ ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ. ಮನೆಯವರು ಪೇಪರು ಮಡಚಿ, "ಬಿಟ್ಟಬಿಡಲಾ, ಕೌಂಟರ್ ಕೆಲಸೇನ್ ಕಡಿಮಿ ಐತೇನು?" ಎಂದರು. ಕಾಳಜಿಯಿಂದಲೇ ಅಂದದ್ದು. ನಾನು ಕಾಳಜಿಯನ್ನು ಕಾಳಜಿಯಾಗಿ ತೆಗೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದು, ಬಟ್ಟೆ ಒಗೆಯಲು ಕುಳಿತೆ.

ಆದರೂ ಆ ಮಾತು ಒಳಗೆ ಹೊಕ್ಕು ಕೂತಿತು. ಒಂದು ಮಧ್ಯಾಹ್ನ ಕೇಂದ್ರದಲ್ಲಿ ಯಾರೂ ಇಲ್ಲದಾಗ ಕೌಂಟರಿನಲ್ಲಿ ಹೋಗಿ ಕುಳಿತು ನೋಡಿದೆ. ಮಾಲೀಕರು ಆಗಲೇ ಹೊಸ ಕುರ್ಚಿ ತರಿಸಿದ್ದರು, ಮೆತ್ತನೆಯದು, ಗಾಲಿಯದು. ಮೇಲೆ ಫ್ಯಾನು, ಎದುರಿಗೆ ಬಾಗಿಲು, ಬಾಗಿಲಾಚೆ ಕಲಬುರಗಿಯ ಬಸ್ಸುಗಳ ಧೂಳು. ಏನು ತಪ್ಪು ಇದರಲ್ಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗಿ ಬಂದಳು. ಪಿಯು ಪರೀಕ್ಷೆ ಮುಗಿಸಿದ್ದಿರಬೇಕು. ಓಣಿಯಲ್ಲಿ ಯಾರದೋ ಮಾತು ಕೇಳಿ ಬಂದವಳು, ನನ್ನ ಗುರುತಿರಲಿಲ್ಲ.

"ಆಂಟಿ, ಇಲ್ಲಿ ಕಲಸೂ ಅಕ್ಕೋರು ಎಲ್ಲಿ ಅದಾರ್ರಿ?"

ಬೆರಳುಗಳು ಕೂಡ ನಿಂತವು. ಒಳಗಿದ್ದಾರೆ ಎನ್ನಲೇ, ನಾನೇ ಎನ್ನಲೇ? "ಜೂನಿನ್ಯಾಗ ಬಾರವಾ, ಡೆಮೊ ಕ್ಲಾಸ್ ಐತಿ" ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಆ ಕುರ್ಚಿಯಿಂದ ಎದ್ದೆ. ಆ ಹುಡುಗಿ ತಪ್ಪೇನೂ ಆಡಿರಲಿಲ್ಲ. ಕೌಂಟರಿನಲ್ಲಿ ಕುಳಿತವರು ಅಕ್ಕೋರು ಆಗಿರುವುದಿಲ್ಲ ಎನ್ನುವುದು ಅವಳಿಗೆ ಸಹಜವಾಗಿ ಗೊತ್ತಿತ್ತು, ಅಷ್ಟೇ.

ಡೆಮೊಗೆ ಮುಂಚಿನ ಕೊನೆಯ ರವಿವಾರ ಬಾಗೇವಾಡಿಯಲ್ಲಿ ಮತ್ತೆ ಅದೇ ಆಯಿತು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. "ಹಿಂಗ ಮಾಡೋಣ್ರಿ ಮೇಡಂ. ಡೆಮೊ ದಿನಾ ನಾ ಸಿಂದಗಿಗೆ ಬರ್ತೇನಿ. ನಾ ಟೈಪ್ ಮಾಡ್ತೇನಿ, ನೀವು ಬಾಯಿಲೇ ತಿಳಸಿ ಹೇಳ್ರಿ. ಯಾರಿಗೂ ಏನೂ ಅನಸೂದಿಲ್ಲ."

ಜೀವನವಿಡೀ ಬೇರೆಯವರು ಹೇಳಿದ್ದನ್ನು ಟೈಪ್ ಮಾಡಿ ಬದುಕಿದವಳು ನಾನು. ಈಗ ನಾನು ಹೇಳಬೇಕು, ಇನ್ನೊಬ್ಬರು ಟೈಪ್ ಮಾಡಬೇಕು! ಆಗಲಿ ಎಂದೆ. ಬೇರೆ ದಾರಿ ಕಾಣಲಿಲ್ಲ. ಅವಳ ಒಳ್ಳೆಯತನವೇ ನನಗೆ ಬೆಂಕಿಯಂತೆ ತಾಗುತ್ತಿತ್ತು.

ಬಿಸಿಲು ಬಸ್ಸಿನ ತಗಡನ್ನು ಕಾಯಿಸಿತ್ತು. ಹಿಪ್ಪರಗಿಯಲ್ಲಿ ಬದಲಿಸಿದ ಬಸ್ಸು ಜನ ತುಂಬುವವರೆಗೆ ಹೊರಡಲೊಲ್ಲದು. ನನ್ನ ಪಕ್ಕದಲ್ಲಿ ಬುಟ್ಟಿ ಹಿಡಿದ ಒಬ್ಬ ಮುದುಕಿ ಬಂದು ಕುಳಿತಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಮೊಣಕೈ ಮುಟ್ಟಿದಳು.

"ಯವ್ವಾ, ಬೆರಳ ಯಾಕ ಹಂಗ ನಡಗಾಕತ್ತಾವು? ಮೈಯಾಗ ಆರಾಮ ಇಲ್ಲೇನು?"

"ನಡಗಾಕತ್ತಿಲ್ಲ ಆಯಿ. ಟೈಪ್ ಮಾಡಾಕತ್ತೇನಿ."

"ಮಿಷಿನ್ನ ಎಲ್ಲೈತಿ ಮತ್ತ?"

ಆ ಸಿಟ್ಟಿನಲ್ಲೂ ನಗು ಬಂತು. ತೋರಿಸುತ್ತೇನೆಂದು ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗಿಟ್ಟುಕೊಂಡು, ತಲೆ ತುಂಬಿಕೊಂಡಿದ್ದ ಆ ಹಾಳು ಸಾಲನ್ನೇ ಟೈಪ್ ಮಾಡಿದೆ. ಅವಳು ಬೆರಳುಗಳನ್ನು ನೋಡುತ್ತಿದ್ದಳು, ಅವಳ ಜೊತೆ ನಾನೂ ನೋಡಿದೆ. ಇಂಡಿಯ ಮಾಸ್ತರರು ಗದ್ದ ಎತ್ತಿ ನಿಲ್ಲಿಸಿದ ಮೇಲೆ ಮೊದಲ ಸಲ, ತಮ್ಮ ವೇಗಕ್ಕೆ ಕೆಲಸ ಮಾಡುತ್ತಿರುವ ನನ್ನ ಬೆರಳುಗಳನ್ನು ನಾನು ನೋಡುತ್ತಿದ್ದೆ.

ಕಂಸ ತೆರೆಯಿತು. ಒಂದು.

ಒಂದಕ್ಕೆ ಎಡಗೈಯ ಕಿರುಬೆರಳು ಮೇಲಿನ ಸಾಲಿಗೆ ಹೋಗಬೇಕು. ಅದು ಕೂತಲ್ಲೇ ಕೂತಿತ್ತು. ಬಲಗೈಯ ಉಂಗುರಬೆರಳು, ಇದ್ದಲ್ಲಿಯೇ, ಮೆಲ್ಲಗೆ ಕೆಳಗೆ ಒತ್ತಿತು.

ಅಲ್ಲಿ ಇರುವುದು ಒಂದು ಅಲ್ಲ. ಅಲ್ಲಿ ಇರುವುದು ಇಂಗ್ಲಿಷಿನ ಸಣ್ಣ ಎಲ್ ಅಕ್ಷರ.

ಇಂಡಿಯ ಆ ಹಳೆಯ ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಒಂದು ಎಂಬ ಅಂಕಿಯೇ ಇರಲಿಲ್ಲ. ಅಂಕಿಗಳ ಸಾಲು ಎರಡರಿಂದ ಶುರುವಾಗುತ್ತಿತ್ತು. ಮೊದಲ ವಾರವೇ ತಂಗಿ ಹೆದರುತ್ತ, "ಸರ್, ಇದರಾಗ ಒಂದ ಇಲ್ರಿ" ಎಂದಿದ್ದಳು. "ಸಣ್ಣ ಎಲ್ ಹೊಡಿ. ನೋಡಾಕ ಎರಡೂ ಒಂದ" ಎಂದಿದ್ದರು ಮಾಸ್ತರರು. ಹೊಡೆದೆವು. ಮುದ್ದೇಬಿಹಾಳದ ಮೆಷಿನ್ನಿನಲ್ಲೂ ಒಂದು ಇರಲಿಲ್ಲ, ಅಲ್ಲೂ ಎಲ್ ಹೊಡೆದೆವು. ಕೇಂದ್ರಕ್ಕೆ ಕಂಪ್ಯೂಟರು ಬಂದ ಮೇಲೆ ಅಂಕಿಗಳಿಗೆಂದೇ ಕೀಲಿಮಣೆಯ ಬಲಬದಿಯಲ್ಲಿ ಬೇರೆ ಕೀಲಿಗಳ ಕಟ್ಟು ಇತ್ತು, ಅಂಕಿಯೆಲ್ಲ ಅಲ್ಲೇ ಆಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಆ ಕಟ್ಟು ಇಲ್ಲ. ಹೋಗಲು ಜಾಗವಿಲ್ಲದೆ ಬೆರಳು ತನ್ನ ತವರಿಗೆ ಹೋಗಿತ್ತು. ಸಾಲದ್ದಕ್ಕೆ, ಟೈಪ್‌ರೈಟರಿನ ಅಕ್ಷರದಂತೆ ಕಾಣುವ ಫಾಂಟನ್ನು ನಾನೇ ಆಸೆಪಟ್ಟು ಹಾಕಿಕೊಂಡಿದ್ದೆ. ಅದರಲ್ಲಿ ಎಲ್ ಮತ್ತು ಒಂದು ಅವಳಿಜವಳಿ. ನಾನು ಕಣ್ಣಿನಿಂದ ಓದಿ ಒಂದು ಎಂದೆ, ತಂಗಿ ಕಣ್ಣಿನಿಂದ ನೋಡಿ ಹ್ಞೂಂ ಎಂದಳು. ಯಂತ್ರ ಮಾತ್ರ ಆ ಅಕ್ಷರವನ್ನು ಯಾರದೋ ಹೆಸರೆಂದು ಓದಿ ನಿಜ ಹೇಳುತ್ತಿತ್ತು: ಈ ಹೆಸರಿನವರು ಯಾರೋ ನನಗೆ ಗೊತ್ತಿಲ್ಲ.

"ಆಯಿ!" ಎಂದು ನಾನು ಆ ಮುದುಕಿಯ ಕೈ ಹಿಡಿದುಕೊಂಡೆ. ಅವಳು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ನನಗೆ ಏನೋ ಆಗಿದೆ ಎಂಬುದು ಅವಳಿಗೆ ಈಗ ಖಾತ್ರಿಯಾಗಿತ್ತು.

ಬಸ್ಸಿನಿಂದಲೇ ತಂಗಿಗೆ ಫೋನು ಮಾಡಿದೆ. "ಅದು ಒಂದ ಅಲ್ಲವಾ, ಎಲ್! ನಾ ಎಲ್ ಹೊಡ್ಯಾಕತ್ತೇನಿ!"

ಅವಳು ನಗತೊಡಗಿದವಳು ನಿಲ್ಲಿಸಲಿಲ್ಲ. "ಅಯ್ಯ ಅಕ್ಕಾ, ಅಂದ್ರ ಮುದ್ದೇಬಿಹಾಳದಾಗ ನಾವು ಹೊಡದ ಅಷ್ಟೂ ಕಾಗದದಾಗ ಒಂದನ ಇಲ್ಲೇನ? ಎಲ್ಲಾರ ಹೊಲದ ಸರ್ವೆ ನಂಬರಿನ್ಯಾಗ ಎಲ್ ಐತೇನ?" ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಫೋನು ಇಟ್ಟ ಮೇಲೆ ನನಗೆ ಮತ್ತೆ ಕಸಿವಿಸಿ ಶುರುವಾಯಿತು. ತಪ್ಪು ಸಿಕ್ಕಿತು, ಸರಿ. ಸಿಕ್ಕ ಮಾತ್ರಕ್ಕೆ ಬೆರಳು ಕೇಳುತ್ತದೆಯೇ? ನಾನು ಬಲ ಎಂದು ಎದ್ದು ನಿಂತು ಹೇಳಿದ್ದೇ ನನ್ನ ಕಾಲಿಗೆ ತೊಡರಿತ್ತು. ಅದನ್ನು ಕಿತ್ತು ಹಾಕಿದರೆ ನನ್ನಲ್ಲಿ ಉಳಿಯುವುದೇನು?

ಡೆಮೊ ದಿನ ನಿರೀಕ್ಷೆಗಿಂತ ಹೆಚ್ಚು ಮಕ್ಕಳು ಬಂದಿದ್ದರು. ಬಾಗೇವಾಡಿಯಿಂದ ಬಂದ ಮೇಡಂ 'ಬರ್ರಿ, ಶುರು ಮಾಡೋಣು' ಎಂಬಂತೆ ನನ್ನ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಳು. ಮಾಲೀಕರು ಬಾಗಿಲಿಗೆ ಒರಗಿ ನಿಂತಿದ್ದರು. ಎಲ್ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ, ನಾಚಿಕೆ. ಮುಂದಿನ ಸಾಲಿನಲ್ಲಿ ಆ ಹುಡುಗಿ ಕೂತಿದ್ದಳು, ಕೌಂಟರಿನಲ್ಲಿ ನನ್ನನ್ನು ಆಂಟಿ ಎಂದವಳು.

"ನಾನ ಟೈಪ್ ಮಾಡ್ತೇನ್ರಿ ಮೇಡಂ" ಎಂದೆ. ಅವಳು ನನ್ನ ಮುಖ ನೋಡಿ, ಮಾಲೀಕರ ಕಡೆ ನೋಡಿ, ಎದ್ದು ಜಾಗ ಬಿಟ್ಟಳು.

ಬರೆಯತೊಡಗಿದೆ. ಎದುರಿಗಿನ ದೊಡ್ಡ ಪರದೆಯ ಮೇಲೆ ಅಕ್ಷರಗಳು ಓಡಿದವು. ಇಷ್ಟು ಜನ ನೋಡುತ್ತಿದ್ದಾರೆಂಬ ಗಾಬರಿಗೆ ವೇಗ ತಾನಾಗಿ ಬಂತು, ಹಿಂದಿನಿಂದ ಯಾರೋ 'ಅಬ್ಬಾ' ಎಂದರು. ಓಡಿಸಿದೆ. ಕೆಂಪಕ್ಷರ. ಒಂದು ಎಂಬ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ.

ಮಾಲೀಕರು ಮೊಬೈಲು ತೆಗೆದು ಅದರಲ್ಲಿ ಏನೋ ನೋಡುವವರಂತೆ ಮುಖ ತಗ್ಗಿಸಿದರು. ಮೇಡಂ ಸಹಾಯಕ್ಕೆಂದು ಅರ್ಧ ಎದ್ದಳು. ಕೌಂಟರಿನ ಆ ಗಾಲಿಯ ಕುರ್ಚಿ ನನ್ನ ಕಣ್ಣ ಮುಂದೆ ಬಂತು. ಹೆದರಿದೆ, ನಿಜವಾಗಿ ಹೆದರಿದೆ. ಆಮೇಲೆ ಸಿಟ್ಟು ಬಂತು. ಬಂದದ್ದು ಒಳ್ಳೆಯದಾಯಿತು.

"ಕುಂದರ್ರಿ ಮೇಡಂ" ಎಂದೆ. ಮಕ್ಕಳ ಕಡೆ ತಿರುಗಿದೆ. "ಇದರಾಗ ತಪ್ಪ ಎಲ್ಲೈತಿ ಹೇಳ್ರಿ ನೋಡೋಣು."

ಎಲ್ಲರೂ ಪರದೆಗೆ ಕಣ್ಣು ನೆಟ್ಟರು. ಕಂಸ ಇದೆ ಎಂದರು, ವಿರಾಮ ಇದೆ ಎಂದರು. ಮೇಡಂ ಕೂಡ ಕತ್ತು ಚಾಚಿ ನೋಡುತ್ತಿದ್ದಳು. ತಪ್ಪು ಯಾರಿಗೂ ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ.

"ಪರದೆ ನೋಡಬ್ಯಾಡ್ರಿ. ಇಲ್ಲಿ ಬರ್ರಿ. ನನ್ನ ಬೆರಳ ನೋಡ್ರಿ."

ಮೇಜಿನ ಸುತ್ತ ಮುಕುರಿದರು. ಅದೇ ಸಾಲನ್ನು ಮತ್ತೆ ಬರೆದೆ, ಗಟ್ಟಿಯಾಗಿ ಬಾಯಲ್ಲಿ ಹೇಳುತ್ತ, ಮುದ್ದೇಬಿಹಾಳದ ಬೇವಿನ ಗಿಡದ ಕೆಳಗೆ ಓದುತ್ತಿದ್ದ ಅದೇ ರಾಗದಲ್ಲಿ. ಕಂಸ ತೆರೆಯಿತು. ಒಂದು.

"ಅಕ್ಕೋರ!" ಎಂದಳು ಆ ಮುಂದಿನ ಸಾಲಿನ ಹುಡುಗಿ. "ಒಂದಕ್ಕ ನಿಮ್ಮ ಬಲಗೈ ಬಿತ್ರಿ! ಒಂದ ಆ ಕಡಿ ಐತಿ!"

ನಾನು ಎಲ್ ಇದ್ದಲ್ಲೆಲ್ಲ ಅದನ್ನು ಅಳಿಸಿ, ಎಡಗೈಯ ಕಿರುಬೆರಳಿನಿಂದ ಒಂದು ಒತ್ತಿದೆ. ಮಗ್ಗಿ ಸರಸರ ಇಳಿದು ಬಂತು. ಮಕ್ಕಳು ಕಿರುಚಿದರು. ಮೇಡಂ ತಲೆಗೆ ಕೈ ಹೊತ್ತು, "ಅಯ್ಯೋ, ಇದೇನ್ರಿ ಮೇಡಂ, ಇಷ್ಟ ದಿನ ನನಗ ಕಾಣಲೇ ಇಲ್ಲಲ್ರಿ!" ಎನ್ನುತ್ತಿದ್ದಳು. ಒಂದು ಇಲ್ಲದ ಟೈಪ್‌ರೈಟರಿನ ಕಥೆಯನ್ನು ಅವರಿಗೆ ಹೇಳಿದೆ. ಯಂತ್ರ ನಾವು ಅಂದುಕೊಂಡದ್ದನ್ನು ಓದುವುದಿಲ್ಲ, ಒತ್ತಿದ್ದನ್ನು ಓದುತ್ತದೆ ಎಂಬುದನ್ನು ಬೇರೆ ಯಾವ ಪಾಠದಿಂದಲೂ ಅಷ್ಟು ಬೇಗ ಕಲಿಸಲು ನನ್ನಿಂದ ಆಗುತ್ತಿರಲಿಲ್ಲ. ನನ್ನ ಬಲವೇನು ಎಂದು ಈಗ ಎಬ್ಬಿಸಿ ಕೇಳಿದರೂ ನನ್ನಿಂದ ತಟ್ಟನೆ ಉತ್ತರ ಬರಲಿಕ್ಕಿಲ್ಲ. ಆದರೆ ಆ ಹೊತ್ತು ಆ ಪ್ರಶ್ನೆಯೇ ನನಗೆ ನೆನಪಿರಲಿಲ್ಲ.

"ಅಕ್ಕೋರ, ಆ ತಪ್ಪ ಇನ್ನೊಮ್ಮಿ ಮಾಡಿ ತೋರಸ್ರಿ" ಎಂದಳು ಆ ಹುಡುಗಿ. ಹಿಂದೆ ನಿಂತವರಿಗೆ ಕಂಡಿರಲಿಲ್ಲವಂತೆ.

ಬೇಕೆಂದೇ ಮಾಡಲು ಹೋದೆ. ಎಡಗೈಯ ಕಿರುಬೆರಳು ನೆಟ್ಟಗೆ ಮೇಲಿನ ಸಾಲಿಗೆ ಹೋಗಿ ಒಂದನ್ನು ಒತ್ತಿತು. ಮಗ್ಗಿ ಬಂತು. ಮಕ್ಕಳು ಗೊಳ್ಳೆಂದು ನಕ್ಕರು. ಮತ್ತೊಮ್ಮೆ ಮಾಡಿದೆ. ಮತ್ತೆ ಸರಿಯೇ ಬಂತು. ನನಗೆ ನಗುವಿನ ಜೊತೆ ಒಂದು ಬಗೆಯ ಕಳವಳವೂ ಆಯಿತು. ಇಂಡಿಯಿಂದ ನನ್ನ ಜೊತೆ ಬಂದದ್ದು ಇಷ್ಟು ಸುಲಭಕ್ಕೆ ಬಿಟ್ಟು ಹೋಗಿಬಿಟ್ಟಿತೇ?

"ತಡೀರಿ" ಎಂದೆ. ಗದ್ದ ಎತ್ತಿದೆ. ಎದುರಿನ ಗೋಡೆಯ ಮೇಲೆ ಕಣ್ಣಿಟ್ಟೆ. ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಉಂಗುರಬೆರಳು ಮೆಲ್ಲಗೆ ಇಳಿಯಿತು.

"ಬಂತು ನೋಡ್ರಿ, ಬಂತು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಹೊರಗೆ ಕೌಂಟರಿನ ಹೊಸ ಕುರ್ಚಿಯಲ್ಲಿ ಮಾಲೀಕರೇ ಕುಳಿತು, ತಡವಾಗಿ ಬಂದ ಇಬ್ಬರ ಹೆಸರು ಬರೆದುಕೊಳ್ಳುತ್ತಿದ್ದರು. ಅಲ್ಲಿಂದಲೇ ಕೂಗಿ ಕೇಳಿದರು: "ಅಕ್ಕೋರ, ಇವರನ್ನೂ ಒಳಗ ಕಳಸ್ಲೇನ್ರಿ?"